ತಲೆಯಾಡಿಸುವ ಎಣ್ಣೆಡಬ್ಬ

ಸೆಪ್ಟೆಂಬರ್ 5, ಶುಕ್ರವಾರ

ಮಂಡ್ಯದ ಗಂಟಲು ಡಾಕ್ಟರು ಮೂಗಿನಿಂದ ಒಂದು ಸಣ್ಣ ಕ್ಯಾಮೆರಾ ಇಳಿಸಿ ನನ್ನ ಗಂಟಲನ್ನು ನನಗೇ ಟಿವಿಯಲ್ಲಿ ತೋರಿಸಿದರು. ಸ್ವರ ಹೊರಡುವ ಜಾಗದಲ್ಲಿ ಎರಡು ಗಂಟು ಬೆಳೆದಿವೆ, ಒಂದೊಂದೂ ರಾಗಿಕಾಳಿನಷ್ಟು. ಯುಗಾದಿಯಿಂದ ಈಚೆಗೆ ನನ್ನ ಧ್ವನಿ ಬಿರುಕು ಬಿಟ್ಟ ಮಡಕೆಯಂತಾಗಿದ್ದುದು ಇದರಿಂದಲೇ ಅಂತೆ. ಕ್ಯಾಮೆರಾ ಇಷ್ಟು ಸಣ್ಣದು ಮಾಡಿ ಅದರ ತುದಿಯಲ್ಲೇ ದೀಪವನ್ನೂ ಹೇಗೆ ಕೂರಿಸಿದ್ದಾರೆ, ಎಂಜಲು ತಗುಲಿದರೆ ಕೆಡುವುದಿಲ್ಲವೆ, ಬಿಚ್ಚಿ ತೊಳೆಯಬಹುದೆ ಎಂದೆಲ್ಲ ಕೇಳಿದೆ. ಡಾಕ್ಟರು, "ಇದಕ್ಕೇ ಕಣಮ್ಮ ನಿಮಗೆ ಗಂಟು ಬಂದಿರೋದು" ಎಂದರು.

ಏನು ಕೆಲಸ ಎಂದು ಕೇಳಿದರು. ಕಿರುಗಾವಲಿನಲ್ಲಿ ಪಂಚಾಯಿತಿ ಲೈಬ್ರರಿ ನೋಡಿಕೊಳ್ಳುತ್ತೇನೆ ಎಂದೆ. ಲೈಬ್ರರಿಯಲ್ಲಿ ಕೂತವರಿಗೆ ಮಾತಾಡಿ ಮಾತಾಡಿ ಗಂಟಲು ಕೆಟ್ಟದ್ದನ್ನು ಇದೇ ಮೊದಲು ನೋಡುತ್ತಿದ್ದೇನೆ ಎಂದರು. ಪಕ್ಕದಲ್ಲಿ ನಿಂತಿದ್ದ ನಮ್ಮ ಯಜಮಾನರು ಏನೂ ಹೇಳಲಿಲ್ಲ. ಅವರು ಮದುವೆಯಾದಾಗಿನಿಂದ ಏನೂ ಹೇಳಿಲ್ಲ.

ಸೋಮವಾರ ಆಪರೇಷನ್. ಆಮೇಲೆ ಡಾಕ್ಟರು ಬಿಡುವವರೆಗೂ ಒಂದು ಮಾತೂ ಆಡಬಾರದು. ಪಿಸುಗುಟ್ಟುವುದು ಇನ್ನೂ ಕೆಟ್ಟದ್ದಂತೆ. ಧ್ವನಿ ಮೊದಲಿನ ಹಾಗೆ ಬರುತ್ತದೆಯೇ ಎಂದು ಕೇಳಿದ್ದಕ್ಕೆ "ಸಾಮಾನ್ಯವಾಗಿ ಬರುತ್ತೆ" ಎಂದರು. ಆ ಸಾಮಾನ್ಯವಾಗಿ ಅನ್ನುವುದು ನನಗೆ ಹಿಡಿಸಲಿಲ್ಲ.

ಗೊಬ್ಬರದ ಅಂಗಡಿಯವರು ಕೊಟ್ಟಿದ್ದ ಡೈರಿ ಬೀರುವಿನಲ್ಲಿ ಖಾಲಿ ಬಿದ್ದಿತ್ತು. ಮಾತು ಎಲ್ಲಾದರೂ ಹೋಗಬೇಕಲ್ಲ, ಇದಕ್ಕೇ ಹೋಗಲಿ.

ಸೆಪ್ಟೆಂಬರ್ 6, ಶನಿವಾರ

ಆಪರೇಷನ್ನಿಗೆ ಮುಂಚಿನ ಕೊನೆಯ ಶನಿವಾರ. ಹನ್ನೊಂದು ವರ್ಷದಿಂದ ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟ ಮೇಲೆ ಮಕ್ಕಳು ಲೈಬ್ರರಿಗೆ ಬರುತ್ತಾರೆ. ಅರ್ಧ ಹೊತ್ತು ಕಥೆ ಓದುತ್ತೇನೆ. ಇನ್ನರ್ಧ ಹೊತ್ತು ಏನಾದರೂ ಒಂದನ್ನು ಬಿಚ್ಚಿ ತೋರಿಸುತ್ತೇನೆ. ಮಿಕ್ಸಿ, ರೇಡಿಯೊ, ಹಳೇ ಮೊಬೈಲು, ಒಂದು ಸಲ ಪಂಚಾಯಿತಿಯವರ ಗೋಡೆ ಗಡಿಯಾರ. ಆ ಗಡಿಯಾರ ಮತ್ತೆ ನಡೆಯಲಿಲ್ಲ, ಆದರೆ ಅದು ಮೊದಲೂ ಸರಿಯಾಗಿ ನಡೆಯುತ್ತಿರಲಿಲ್ಲ.

ಈವತ್ತು 'ಬಸ್ಸು ಹತ್ತಿದ ಮೇಕೆ' ಶುರು ಮಾಡಿದೆ. ಮೇಕೆಯ ದನಿ, ಬಸ್ಸಿನ ಹಾರನ್ನು, ಕಂಡಕ್ಟರ ಸೀಟಿ ಎಲ್ಲವನ್ನೂ ನಾನೇ ಮಾಡಿದೆ. ಗಂಟಲು ಉರಿಯಿತು, ಉರಿಯಲಿ ಎಂದುಕೊಂಡೆ. ನಡುವೆ ಮಕ್ಕಳಿಗೂ ಒಂದೊಂದು ಪ್ಯಾರಾ ಓದಲು ಕೊಡುವುದು ರೂಢಿ. ತಡವರಿಸಿದರೆ ನಾನೇ ಪದ ಹೇಳಿಬಿಡುತ್ತೇನೆ. ಮಕ್ಕಳಿಗೆ ಅವಮಾನವಾಗಬಾರದು, ಹೊತ್ತೂ ಉಳಿಯುತ್ತದೆ.

ಎಂಟನೇ ಕ್ಲಾಸಿನ ಅರ್ಪಿತ ತನ್ನ ಪ್ಯಾರಾ ಮುಗಿಸಿ ಪಕ್ಕದವರದ್ದನ್ನೂ ಓದಿದಳು. ಅವಳಿಗೆ ಎಲ್ಲದರಲ್ಲೂ ಮುಂದಿರಬೇಕು. ಸಾಹಿಲ್ ಸರದಿ ಬಂದಾಗ ಎಂದಿನಂತೆ "ಪಾಸು ಮಿಸ್ಸು" ಎಂದ. ಬೈಕು ರಿಪೇರಿಯ ಬಾಬು ಜಾನ್ ಅವರ ಮಗ, ಏಳನೇ ಕ್ಲಾಸು. ಸ್ಕ್ರೂಡ್ರೈವರ್ ಕೊಟ್ಟರೆ ಕಣ್ಣು ಮುಚ್ಚಿಕೊಂಡು ಕೆಲಸ ಮಾಡುತ್ತಾನೆ, ಪುಸ್ತಕ ಕೊಟ್ಟರೆ ಬರೀ ಕಣ್ಣು ಮುಚ್ಚಿಕೊಳ್ಳುತ್ತಾನೆ. ಬಲವಂತ ಮಾಡಬಾರದೆಂದು ಅವನ ಪ್ಯಾರಾವನ್ನೂ ನಾನೇ ಓದಿದೆ.

ಮೇಕೆಯ ಹತ್ತಿರ ಟಿಕೆಟ್ಟಿಲ್ಲ, ಕಂಡಕ್ಟರು ಬರುತ್ತಿದ್ದಾನೆ ಅನ್ನುವಲ್ಲಿ ನಿಲ್ಲಿಸಿದೆ. ಮಿಕ್ಕದ್ದು ಗಂಟಲು ಬಂದ ಮೇಲೆ ಎಂದೆ. "ಬರ್ನಿಲ್ಲ ಅಂದ್ರೆ ಮಿಸ್ಸು?" ಎಂದು ಹಿಂದಿನಿಂದ ಯಾರೋ ಕೇಳಿದರು. ನಮ್ಮ ಕಡೆ ಮಕ್ಕಳಿಗೆ ನಯ ನಾಜೂಕು ಸ್ವಲ್ಪ ಕಡಿಮೆ.

ಸೆಪ್ಟೆಂಬರ್ 9, ಮಂಗಳವಾರ

ಆಯಿತು. ನೋವಿಲ್ಲ. ಮಾತೂ ಇಲ್ಲ.

ಸೆಪ್ಟೆಂಬರ್ 12, ಶುಕ್ರವಾರ

ಬರೆದದ್ದನ್ನು ಗಟ್ಟಿಯಾಗಿ ಹೇಳುವ ಒಂದು ಆ್ಯಪನ್ನು ಫೋನಿಗೆ ಹಾಕಿಕೊಂಡೆ. ನಾವು ಕನ್ನಡದಲ್ಲಿ ಬರೆದರೆ ಅದು ಹೆಂಗಸಿನ ದನಿಯಲ್ಲಿ ಹೇಳುತ್ತದೆ. ರೈಲ್ವೆ ಸ್ಟೇಷನ್ನಿನಲ್ಲಿ ರೈಲು ತಡ ಎಂದು ಹೇಳುತ್ತಾಳಲ್ಲ, ಅವಳ ತಂಗಿಯಂತಿದ್ದಾಳೆ.

ಮುದ್ದಮ್ಮನ ತರಕಾರಿ ಅಂಗಡಿಗೆ ಹೋಗಿ ಫೋನು ಚಾಚಿದೆ. "ನನಗೆ ಅರ್ಧ ಕೆಜಿ ಟೊಮೆಟೊ ಬೇಕು. ಮೆತ್ತಗಾಗಿರುವುದು ಬೇಡ" ಎಂದಿತು. ಮುದ್ದಮ್ಮ ನನ್ನ ಮುಖ ನೋಡಲೇ ಇಲ್ಲ. ಫೋನಿನ ಕಡೆ ಬಗ್ಗಿ, "ಯಾವೂರವ್ವ ನಿಂದು? ಬೆಂಗ್ಳೂರಾ?" ಎಂದು ಕೇಳಿದಳು. ಫೋನು ಸುಮ್ಮನಿತ್ತು. "ಪಾಪ, ಸಂಕೋಚ" ಎಂದು ಒಂದೊಂದನ್ನೇ ಒತ್ತಿ ನೋಡಿ ಆರಿಸಿ ಕೊಟ್ಟಳು. ಅಷ್ಟು ಗಟ್ಟಿ ಟೊಮೆಟೊವನ್ನು ನನಗೆ ಯಾವತ್ತೂ ಕೊಟ್ಟವಳಲ್ಲ.

ಸೆಪ್ಟೆಂಬರ್ 13, ಶನಿವಾರ

ಲೈಬ್ರರಿಯಲ್ಲಿ ಮೇಕೆಯ ಕಥೆಯ ಮುಂದಿನ ಭಾಗವನ್ನು ಫೋನಿಗೆ ಬರೆದು ಹಾಕಿ ಸ್ಪೀಕರಿಗೆ ಜೋಡಿಸಿದೆ. ಫೋನು ಓದಿತು. ಮೇಕೆ, ಕಂಡಕ್ಟರು, ಡ್ರೈವರು ಎಲ್ಲರೂ ರೈಲ್ವೆ ಸ್ಟೇಷನ್ನಿನವಳ ದನಿಯಲ್ಲೇ ಮಾತಾಡಿದರು. ಮೇಕೆ "ಮ್ಯಾ" ಎನ್ನುವ ಕಡೆ "ಮ್ಯಾ" ಎಂದಿತು, ಸರಕಾರಿ ಸುತ್ತೋಲೆ ಓದಿದ ಹಾಗೆ.

"ಮೇಕೆ ಸತ್ತೋಗಿ ಮಾತಾಡಂಗದೆ ಮಿಸ್ಸು" ಎಂದಳು ಅರ್ಪಿತ. ಒಬ್ಬೊಬ್ಬರೇ ಎದ್ದು ಹೋದರು. ಎರಡನೇ ಪುಟ ಮುಗಿಯುವ ಹೊತ್ತಿಗೆ ಅರ್ಪಿತ ಮತ್ತು ಸಾಹಿಲ್ ಇಬ್ಬರೇ ಉಳಿದಿದ್ದರು. ಸಾಹಿಲ್ ಕೂತಿದ್ದು ಕಥೆಗಲ್ಲ, ಫೋನು ಅಕ್ಷರವನ್ನು ಹೇಗೆ ಗುರುತು ಹಿಡಿಯುತ್ತದೆ ಎಂದು ತಿಳಿದುಕೊಳ್ಳುವುದಕ್ಕೆ. ಅದಕ್ಕೆ ಉತ್ತರ ನನಗೆ ಗೊತ್ತು. ಒಂದು ಗಂಟೆ ಹೇಳುವಷ್ಟು ಗೊತ್ತು. ಬಾಯಿ ತೆರೆದು ಮತ್ತೆ ಮುಚ್ಚಿಕೊಂಡೆ.

ಅವನೇ ಒಂದಷ್ಟು ಹೊತ್ತು ಏನೇನೋ ಅಂದಾಜು ಮಾಡಿಕೊಂಡ. ಅರ್ಧ ಸರಿ, ಅರ್ಧ ತಪ್ಪು. ನಾನು ತಲೆಯಾಡಿಸಿದೆ, ಬೇರೆ ಇನ್ನೇನು ಮಾಡಲಿ.

ಸೆಪ್ಟೆಂಬರ್ 16, ಮಂಗಳವಾರ

ಊಟಕ್ಕೆ ಕೂತಾಗ ದೀಪ ಆರಿತು. "ಕರೆಂಟು ಓಯ್ತು" ಎಂದರು ಯಜಮಾನರು. ನಾನು ಏನಾದರೂ ಹೇಳಬಹುದೆಂದು ಕಾದರು. ಆಮೇಲೆ ನೆನಪಾಗಿರಬೇಕು. ಪಕ್ಕದ ಗದ್ದೆಯ ಬೋರಿನ ಮೋಟರು ಸುಟ್ಟುಹೋದ ಕಥೆ ಹೇಳಿದರು. ಅದು ಮುಗಿದ ಮೇಲೆ ಅದಕ್ಕೂ ಮೊದಲು ಸುಟ್ಟುಹೋದ ಮೋಟರಿನ ಕಥೆ ಹೇಳಿದರು. ಮನೆಯಲ್ಲಿ ಒಬ್ಬರಾದರೂ ಮಾತಾಡಬೇಕಲ್ಲ ಎಂದು ಅನ್ನಿಸಿರಬೇಕು.

ಸೆಪ್ಟೆಂಬರ್ 20, ಶನಿವಾರ

ದಸರಾ ರಜೆ ಶುರುವಾಗಿದೆ. ಓದಿಗೆ ಬಂದವರು ಇಬ್ಬರೇ, ಅದೇ ಅರ್ಪಿತ, ಅದೇ ಸಾಹಿಲ್.

ಅರ್ಪಿತಳ ತಲೆಗೆ ಒಂದು ಹುಳ ಹೊಕ್ಕಿದೆ. ಅಕ್ಟೋಬರ್ ಮೂರಕ್ಕೆ ಮದ್ದೂರಿನ ಛತ್ರದಲ್ಲಿ ಯಾವುದೋ ಸಂಘದವರು ಮಕ್ಕಳ ಯಂತ್ರಗಳ ಪ್ರದರ್ಶನ ಇಟ್ಟಿದ್ದಾರಂತೆ. "ಮಿಸ್ಸು, ನಿಮ್ ಬದ್ಲು ಕಥೆ ಓದ ರೋಬೋ ಮಾಡಮ. ನಿಮ್ಗೂ ಗಂಟ್ಲು ಉಳೀತದೆ, ನಮ್ಗೂ ಪ್ರೈಜ್ ಬತ್ತದೆ." ನನ್ನ ಬದಲು ಅನ್ನುವುದನ್ನು ಅವಳು ಬಹಳ ಸಲೀಸಾಗಿ ಹೇಳಿದಳು.

ಕಬ್ಬಿಣದ ಪೆಟ್ಟಿಗೆಯಲ್ಲಿ ನನ್ನ ರೋಬೋ ಕಿಟ್ ಇದೆ. ನೀಲಿ ಬೋರ್ಡು, ಬಣ್ಣದ ವೈರುಗಳು, ಕತ್ತು ಆಡಿಸುವಂಥ ಪುಟ್ಟ ಮೋಟರು, ಸದ್ದು ಹಿಡಿಯುವ ಕಡಲೆಕಾಳಿನಷ್ಟು ಮೈಕು. ನಾಲ್ಕು ವರ್ಷದಿಂದ ಮಕ್ಕಳಿಗೆ ತೋರಿಸುತ್ತಿದ್ದೇನೆ. ಮುಟ್ಟಲು ಕೊಟ್ಟಿಲ್ಲ. ಅವು ಸೂಕ್ಷ್ಮದ ವಸ್ತುಗಳು, ಮೊದಲು ತಿಳಿದುಕೊಳ್ಳಬೇಕು, ಆಮೇಲೆ ಮುಟ್ಟಬೇಕು ಎಂದು ನನ್ನ ನಿಯಮ. ಈವತ್ತು ತಿಳಿಸುವುದಕ್ಕೆ ಬಾಯಿಲ್ಲ. ನಾನು ಸ್ಲೇಟಿನ ಮೇಲೆ "ಮೊದಲನೆಯದಾಗಿ" ಎಂದು ಬರೆಯುವಷ್ಟರಲ್ಲಿ ಸಾಹಿಲ್ ಬೋರ್ಡನ್ನೂ ಮೋಟರನ್ನೂ ಬ್ಯಾಟರಿಗೆ ತಗುಲಿಸಿಯಾಗಿತ್ತು. ನಾನು ಮೇಜು ಕುಟ್ಟಿದೆ. ಸ್ವಲ್ಪ ಹೊಗೆ ಬಂತು.

ಅವನು ಮೂಸಿ ನೋಡಿ, "ಉಲ್ಟಾ ಕೊಟ್ಬುಟ್ಟೆ" ಎಂದು ವೈರು ತಿರುಗಿಸಿದ. ಮೋಟರು ತಿರುಗಿತು. ಇದನ್ನೇ ನಾನು ಹಿಂದಿನ ವರ್ಷ ಮೂರು ಶನಿವಾರ ವಿವರಿಸಿದ್ದೆ.

ಸೆಪ್ಟೆಂಬರ್ 22, ಸೋಮವಾರ

ಮಂಡ್ಯಕ್ಕೆ ಹೋಗಿ ತೋರಿಸಿಕೊಂಡು ಬಂದೆವು. ಊತ ಇಳಿದಿಲ್ಲವಂತೆ. ಇನ್ನೂ ಎರಡು ವಾರ ಮಾತು ಬೇಡ ಎಂದರು. ನಡುವೆ ಕದ್ದು ಮಾತಾಡಿದಿರಾ ಎಂದು ಕೇಳಿದರು. ಇಲ್ಲ ಎಂದು ತಲೆಯಾಡಿಸಿದೆ. ಹಟ್ಟಿಯಲ್ಲಿ ಎಮ್ಮೆಯನ್ನು ಒಂದು ಸಲ ಬೈದದ್ದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಧ್ವನಿ ಬರುತ್ತದೆಯೇ ಎಂದು ಸ್ಲೇಟಿನಲ್ಲಿ ಬರೆದು ತೋರಿಸಿದೆ. "ನೋಡೋಣ" ಎಂದರು. ಹೋದ ಸಲ ಸಾಮಾನ್ಯವಾಗಿ ಎಂದಿದ್ದರು.

ನನಗೆ ಭಯವಾಗಿದೆ. ಇದನ್ನು ಯಾರಿಗೂ ಬರೆದು ತೋರಿಸಿಲ್ಲ, ಇಲ್ಲಿ ಬರೆಯುತ್ತಿದ್ದೇನೆ. ನನಗೆ ಮಕ್ಕಳಿಲ್ಲ. ಶನಿವಾರ ಬರುವವರೇ ನನ್ನ ಮಕ್ಕಳು, ಮತ್ತು ಅವರು ಬರುತ್ತಿದ್ದುದು ನನ್ನ ದನಿಗೆ. ದನಿ ಹೋದರೆ ಲೈಬ್ರರಿಯಲ್ಲಿ ಬೀಗ ತೆಗೆಯುವವಳು, ಬೀಗ ಹಾಕುವವಳು ಅಷ್ಟೇ ಆಗುತ್ತೇನೆ. ಅದನ್ನು ಯಾರು ಬೇಕಾದರೂ ಮಾಡಬಹುದು.

ಬರುವಾಗ ಬಸ್ಸಿನಲ್ಲಿ ಯಜಮಾನರು ನಾಲೆಗೆ ನೀರು ಬಿಟ್ಟಿರುವುದನ್ನು ಕಿಟಕಿಯಿಂದ ತೋರಿಸಿದರು. ನೋಡಿದೆ.

ಸೆಪ್ಟೆಂಬರ್ 24, ಬುಧವಾರ

ರೋಬೋ ಓದುವುದಿಲ್ಲ. ಓದಿಸುವುದಕ್ಕೆ ಬೇಕಾದದ್ದು ನಮ್ಮ ನೀಲಿ ಬೋರ್ಡಿನಲ್ಲಿಲ್ಲ. ಇದನ್ನು ನಾನು ಸ್ಲೇಟಿನ ಎರಡೂ ಕಡೆ ಬರೆದು ವಿವರಿಸಿದೆ. ಅರ್ಪಿತ ಮುಖ ಸಣ್ಣದು ಮಾಡಿಕೊಂಡಳು. ಸಾಹಿಲ್, "ಓದ್ದೆ ಇದ್ರೆ ಬುಡಿ. ಕೇಳ್ಲಿ" ಎಂದ.

ಅವನು ಮಾಡಿದ್ದು ಇಷ್ಟು. ಐದು ಲೀಟರಿನ ಎಣ್ಣೆಡಬ್ಬವೇ ತಲೆ. ಹಣೆಯ ನಡುವೆ ಒಂದು ತೂತು, ಅದರ ಹಿಂದೆ ಮೈಕು. ಕತ್ತಿನಲ್ಲಿ ಮೋಟರು. ಎದುರಿಗೆ ಯಾರಾದರೂ ಮಾತಾಡುತ್ತಿದ್ದರೆ ಡಬ್ಬ ತಲೆಯಾಡಿಸುತ್ತದೆ. ಮಾತು ನಿಂತರೆ ನಿಧಾನಕ್ಕೆ ತಲೆ ಬಗ್ಗಿಸಿ ನಿದ್ದೆ ಹೋಗುತ್ತದೆ. ಬೋರ್ಡಿಗೆ ಹಾಕಬೇಕಾದ ಪ್ರೋಗ್ರಾಮನ್ನು ಅರ್ಪಿತ ನಾನು ಹಿಂದೆ ಬರೆದಿಟ್ಟಿದ್ದನ್ನು ನೋಡಿಕೊಂಡು ಲ್ಯಾಪ್‌ಟಾಪಿನಲ್ಲಿ ಬರೆದಳು.

ಮೈಕು ಎಷ್ಟು ದೂರದ ಸದ್ದು ಹಿಡಿಯುತ್ತದೆ ಎಂದು ನೋಡಲು ಒಬ್ಬರು ಬಿಡದೆ ಮಾತಾಡುತ್ತಲೇ ಇರಬೇಕಿತ್ತು. ಎಂಥ ವಿಪರ್ಯಾಸ. ಅರ್ಪಿತ ಲ್ಯಾಪ್‌ಟಾಪಿನ ಮುಂದೆ, ನಾನು ಹೀಗೆ, ಉಳಿದವನು ಸಾಹಿಲ್. ಅವನು ಮೊದಲು ಡಬ್ಬವನ್ನು ಒಂದಷ್ಟು ಬೈದ. ಬೈಗುಳ ಮುಗಿಯಿತು. ಮಳವಳ್ಳಿಯವರೆಗಿನ ಬಸ್‌ಸ್ಟಾಪುಗಳನ್ನೆಲ್ಲ ಹೇಳಿದ. ಅವೂ ಮುಗಿದವು. ಡಬ್ಬ ಮಲಗತೊಡಗಿತು. "ಏನಾರಾ ಮಾತಾಡ್ಲಾ, ಮನಿಕತಾ ಅದೆ" ಎಂದು ಅರ್ಪಿತ ಕಿರುಚಿದಳು. ಅವನು ಗಾಬರಿಯಲ್ಲಿ ಕೈಗೆ ಸಿಕ್ಕ ಪುಸ್ತಕ ತೆರೆದು ಓದತೊಡಗಿದ.

ಮೇಕೆಯ ಪುಸ್ತಕ. ಒಂದೊಂದು ಅಕ್ಷರವನ್ನೂ ಕಲ್ಲು ಎತ್ತಿಟ್ಟ ಹಾಗೆ ಓದಿದ. "ನಿರ್ವಾಹಕ" ಎಂಬಲ್ಲಿ ಸಿಕ್ಕಿಕೊಂಡ. ಪದ ನನ್ನ ನಾಲಿಗೆಯ ತುದಿಗೆ ಬಂತು. ಸ್ಲೇಟಿಗೆ ಕೈ ಹಾಕಿದೆ, ಬಳಪ ಸಿಗಲಿಲ್ಲ. ಡಬ್ಬದ ತಲೆ ಇಳಿಯುತ್ತಿತ್ತು. ಅವನು ಡಬ್ಬವನ್ನೊಮ್ಮೆ ನನ್ನನ್ನೊಮ್ಮೆ ನೋಡಿ, "ನಿ... ನಿರ್... ವಾ... ಲೇ ಇರ್ಲಾ ಮನಿಕಬೇಡ... ನಿರ್ವಾಹಕ" ಎಂದ. ಡಬ್ಬ ತಲೆಯೆತ್ತಿತು. ನಾನೂ ಉಸಿರು ಬಿಟ್ಟೆ.

ಪುಟ ಮುಗಿಸಿದಾಗ ಅವನ ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಬಳಪ ನನ್ನ ಸೆರಗಿನ ಗಂಟಿನಲ್ಲೇ ಇತ್ತು, ಮನೆಗೆ ಬಂದ ಮೇಲೆ ಸಿಕ್ಕಿತು.

ಸೆಪ್ಟೆಂಬರ್ 25, ಗುರುವಾರ

ಯಜಮಾನರಿಗೆ ಮಸ್ಸೊಪ್ಪಿನ ಸಾರು ಅಂದರೆ ಆಗುವುದಿಲ್ಲವಂತೆ. ಮದುವೆಯಾದಾಗಿನಿಂದ ಆಗುವುದಿಲ್ಲವಂತೆ. ಈವತ್ತು ಹೇಳಿದರು. ಮತ್ತೆ ಯಾಕೆ ಇಷ್ಟು ದಿನ ಹೇಳಲಿಲ್ಲ ಎಂದು ಬರೆದು ತೋರಿಸಿದೆ. "ಎಲ್ಲಿ ಸಂದು ಸಿಕ್ತು" ಎಂದರು.

ಸೆಪ್ಟೆಂಬರ್ 27, ಶನಿವಾರ

ಸುದ್ದಿ ಊರೆಲ್ಲ ಹಬ್ಬಿದೆ. ಲೈಬ್ರರಿಯಲ್ಲಿ ಕಾಲಿಡಲು ಜಾಗವಿಲ್ಲ. ಎಲ್ಲರಿಗೂ ಎಣ್ಣೆಡಬ್ಬಕ್ಕೆ ಕಥೆ ಓದಬೇಕು. ಬಾಗಿಲ ತನಕ ಸಾಲು. ಒಬ್ಬ ಹುಡುಗಿ ಮನೆಯಿಂದ ಪಠ್ಯಪುಸ್ತಕ ತಂದಿದ್ದಳು. ಡಬ್ಬ ಅದಕ್ಕೂ ತಲೆಯಾಡಿಸಿತು, ಅದಕ್ಕೆ ಒಳ್ಳೆಯದು ಕೆಟ್ಟದ್ದು ಗೊತ್ತಾಗುವುದಿಲ್ಲ. ಹನ್ನೊಂದು ವರ್ಷ ಓದಿದ ನನಗಿಲ್ಲದ ಮರ್ಯಾದೆ ಐದು ಲೀಟರಿನ ಡಬ್ಬಕ್ಕೆ ಸಿಕ್ಕಿದ್ದು ನೋಡಿ ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಬರೆಯಲಿ.

ಅರ್ಪಿತ ಡಬ್ಬಕ್ಕೆ ನನ್ನ ಹಳೇ ಕನ್ನಡಕ ಹಾಕಿದ್ದಾಳೆ. ಯಾಕೆ ಎಂದು ಸ್ಲೇಟಿನಲ್ಲಿ ಕೇಳಿದೆ.

"ಇದು ನೀವೇಯ ಮಿಸ್ಸು. ಈಗ ನೀವು ಸುಮ್ಕೆ ಕುಂತ್ಕಂಡು ತಲೆ ಆಡುಸ್ತೀರಲ್ಲ, ಅಂಗೆ."

ಮುಂಚಿನ ನನ್ನ ಹಾಗೆ ಯಾಕೆ ಮಾಡಲಿಲ್ಲ ಎಂದು ಬರೆದೆ.

"ಅಷ್ಟೊಂದು ಮಾತ ಎಲ್ಲಿ ತುಂಬನ ಮಿಸ್ಸು, ಬೋರ್ಡು ಸಾಕಾಗಕ್ಕಿಲ್ಲ" ಎಂದಳು. ತಮಾಷೆಗೆ ಹೇಳಿದ್ದಲ್ಲ, ನಿಜವಾಗಿಯೂ ಲೆಕ್ಕ ಹಾಕಿ ನೋಡಿದ್ದಳು.

ಮದ್ದೂರಿನಲ್ಲಿ ಜನದ ಮುಂದೆ ಡಬ್ಬಕ್ಕೆ ಓದುವವನು ಸಾಹಿಲ್ ಎಂದು ಇಬ್ಬರೂ ಸೇರಿ ತೀರ್ಮಾನಿಸಿದ್ದಾರೆ. ತಾನು ಓದಿದರೆ ಯಂತ್ರದ ಕಡೆ ಯಾರೂ ನೋಡುವುದಿಲ್ಲ ಎಂದು ಅರ್ಪಿತಳ ಅಭಿಪ್ರಾಯ. ಸಾಹಿಲ್ ಮೇಕೆಯ ಪುಸ್ತಕ ಮನೆಗೆ ತೆಗೆದುಕೊಂಡು ಹೋದ. ಅವನು ಲೈಬ್ರರಿಯಿಂದ ಮನೆಗೆ ತೆಗೆದುಕೊಂಡು ಹೋದ ಮೊದಲ ಪುಸ್ತಕ ಅದು. ಇದಕ್ಕೂ ಮುಂಚೆ ಒಂದು ಫ್ಯಾನು ಒಯ್ದಿದ್ದ.

ಅಕ್ಟೋಬರ್ 1, ಬುಧವಾರ

ಆಯುಧಪೂಜೆ. ಬಾಬು ಜಾನ್ ಅಂಗಡಿಯ ಮುಂದೆ ಗಿರಾಕಿಗಳ ಬೈಕುಗಳೆಲ್ಲ ತೊಳೆದುಕೊಂಡು ಸಾಲಾಗಿ ನಿಂತಿದ್ದವು. ಅವರಪ್ಪನ ಕಾಲದಿಂದಲೂ ಅಂಗಡಿ ಅವರದು, ಪೂಜೆ ಗಿರಾಕಿಗಳದ್ದು, ಕಡ್ಲೆಪುರಿ ಮತ್ತೆ ಅವರದು. ಅರ್ಪಿತ ಡಬ್ಬವನ್ನೂ ತಂದು ಎರಡು ಬೈಕುಗಳ ನಡುವೆ ಕೂರಿಸಿದಳು. ಚೆಂಡುಹೂವಿನ ಹಾರ ಹಾಕಿದಳು. ಚಕ್ರವಿಲ್ಲವಾದ್ದರಿಂದ ನಿಂಬೆಹಣ್ಣನ್ನು ಮುಂದೆ ಇಟ್ಟಳು.

"ಹೊಂಬಾಳಮ್ಮೋರೆ, ನೀವೇ ಕುಂಕ್ಮ ಇಡಿ. ಇದ್ಯೆ ಕಲ್ಸಿದೋರು ನೀವು" ಎಂದರು ಬಾಬು ಜಾನ್. ನನಗೆ ಬಹಳ ಸಂತೋಷವಾಯಿತು. ಗಂಧ ತೇಯ್ದು, ಕುಂಕುಮ ಕಲಸಿ, ಗಟ್ಟಿಯಾಗಿ ಮೆತ್ತಿದೆ. ಹಣೆಯ ಸರಿಯಾಗಿ ನಡುವೆ ಅದಕ್ಕೆಂದೇ ಮಾಡಿದ ಹಾಗೆ ದುಂಡನೆಯ ಜಾಗವಿತ್ತು. ಡಬ್ಬಕ್ಕೆ ಬಹಳ ಕಳೆ ಬಂತು. ಸಾಹಿಲ್ ಬೈಕುಗಳನ್ನು ಒರೆಸುತ್ತಿದ್ದವನು ತಿರುಗಿ ನೋಡಿ ನಕ್ಕ.

ಪೂಜೆಗಿಟ್ಟ ಆಯುಧವನ್ನು ಹಬ್ಬ ಮುಗಿಯುವ ತನಕ ಮುಟ್ಟಬಾರದು. ಅರ್ಪಿತ ಇದರಲ್ಲಿ ಕಟ್ಟುನಿಟ್ಟು. ಮೇಲೆ ಒಂದು ಟವಲು ಹೊದಿಸಿ, ನಾಡಿದ್ದು ಬೆಳಿಗ್ಗೆ ಹಾಗೇ ಎತ್ತಿಕೊಂಡು ಹೋಗುವುದು ಎಂದಳು.

ಅಕ್ಟೋಬರ್ 3, ಶುಕ್ರವಾರ

ಬೆಳಿಗ್ಗೆ ಮಳವಳ್ಳಿಗೆ ಹೋಗಿ, ಅಲ್ಲಿಂದ ಬಸ್ಸು ಬದಲಾಯಿಸಿ ಮದ್ದೂರು ತಲುಪಿದೆವು. ಡಬ್ಬಕ್ಕೆ ಸೀಟು ಸಿಕ್ಕಿತು, ನನಗೆ ಸಿಗಲಿಲ್ಲ.

ಛತ್ರದ ತುಂಬ ಮೇಜುಗಳು. ತಾನೇ ನೀರು ಕುಡಿಯುವ ಕುಂಡ, ಸೊಳ್ಳೆ ಎಣಿಸುವ ಪೆಟ್ಟಿಗೆ, ನಡೆಯುವ ನಾಯಿ. ಕೋಟು ಹಾಕಿದ ತೀರ್ಪುಗಾರರು ನಮ್ಮ ಮೇಜಿಗೆ ಬಂದಾಗ ಹಿಂದೆ ದೊಡ್ಡ ಗುಂಪಿತ್ತು. ಅರ್ಪಿತ ಎಲ್ಲವನ್ನೂ ಅಚ್ಚುಕಟ್ಟಾಗಿ ವಿವರಿಸಿದಳು. "ಇದು ಓದಕ್ಕಿಲ್ಲ ಸಾ, ಓದ್ಸತದೆ. ನಾವ್ ಓದ್ತಾ ಇದ್ರೆ ಎಚ್ರ ಇರ್ತದೆ, ನಿಲ್ಸುದ್ರೆ ಮನಿಕತದೆ." ತೀರ್ಪುಗಾರರು ಚೆನ್ನಾಗಿದೆ, ತೋರಿಸಿ ಎಂದರು.

ಸಾಹಿಲ್ ಪುಸ್ತಕ ತೆರೆದು ಮೊದಲ ಸಾಲು ಓದಿದ. ಡಬ್ಬ ತಲೆ ತಗ್ಗಿಸಿಕೊಂಡೇ ಇತ್ತು. ಎರಡನೇ ಸಾಲನ್ನು ಗಟ್ಟಿಯಾಗಿ ಓದಿದ. ಅಲ್ಲಾಡಲಿಲ್ಲ. ಅರ್ಪಿತ ಡಬ್ಬಕ್ಕೆ ಒಂದು ಏಟು ಕೊಟ್ಟಳು, ಕನ್ನಡಕ ಜಾರಿತು. ಹಿಂದಿನವರು ನಕ್ಕರು. ಸಾಹಿಲ್ ನಿಲ್ಲಿಸಿಬಿಟ್ಟ. ಕಿವಿ ಕೆಂಪಾಗಿತ್ತು, ಸಾಲಿನ ಮೇಲಿಟ್ಟಿದ್ದ ಬೆರಳನ್ನು ತೆಗೆದ. ಅವನು ಪುಸ್ತಕ ಮುಚ್ಚುತ್ತಾನೆ, ಮತ್ತೆ ಈ ಜನ್ಮದಲ್ಲಿ ತೆರೆಯುವುದಿಲ್ಲ ಎಂದು ನನಗೆ ಗೊತ್ತಾಗಿಹೋಯಿತು.

ಕೂಗಬೇಕೆನ್ನಿಸಿತು. ಓದು ಕಂದ ಎಂದು ಹೇಳಬೇಕೆನ್ನಿಸಿತು. ಬಾಯಿ ತೆರೆದೂ ಬಿಟ್ಟೆ, ಆಮೇಲೆ ಡಾಕ್ಟರ ಮುಖ ನೆನಪಾಯಿತು. ಮೇಜಿನ ಆ ಕಡೆಗೆ ಹೋಗಿ ಒಂದು ಕುರ್ಚಿ ಎಳೆದುಕೊಂಡು ಡಬ್ಬದ ಪಕ್ಕದಲ್ಲಿ ಕೂತೆ. ಸಾಹಿಲ್ ಕಡೆ ನೋಡಿ ತಲೆಯಾಡಿಸಿದೆ.

ಅವನು ನನ್ನನ್ನೇ ನೋಡಿದ. ನಾನು ಆಡಿಸುತ್ತಲೇ ಇದ್ದೆ. ಅವನು ಓದಿದ. ಮೇಕೆಯ ಹತ್ತಿರ ಟಿಕೆಟ್ಟಿಲ್ಲದ ಪುಟ, ನಿರ್ವಾಹಕ ಬರುವ ಪುಟ, ಮೇಕೆ ಕಿಟಕಿಯಿಂದ ತಲೆ ಹಾಕಿ ತನಗೂ ಬಸ್ಸಿಗೂ ಸಂಬಂಧವಿಲ್ಲದ ಹಾಗೆ ಆಚೆ ನೋಡುವ ಪುಟ. ಎಲ್ಲೆಲ್ಲಿ ಸಿಕ್ಕಿಕೊಂಡನೋ ಅಲ್ಲೆಲ್ಲ ನಾನು ಡಬ್ಬದ ಹಾಗೆ ಸ್ವಲ್ಪ ಸ್ವಲ್ಪವೇ 'ಮಲಗಿದೆ', ಅವನು ಬೇಗ ಬೇಗ ಬಿಡಿಸಿಕೊಂಡ. ನಗುತ್ತಿದ್ದವರು ಕಥೆಗೆ ನಗತೊಡಗಿದರು. ಮೂರು ಪುಟವಾದ ಮೇಲೆ ತೀರ್ಪುಗಾರರು ಸಾಕು ಎಂದರು.

"ಮೇಡಂ, ಇದರಲ್ಲಿ ರೋಬೋ ಯಾವುದು?" ಎಂದು ನನ್ನನ್ನು ಕೇಳಿದರು.

"ಎಲ್ಡೂವೆ ಸಾ" ಎಂದಳು ಅರ್ಪಿತ.

ಬಹುಮಾನ ನೀರು ಕುಡಿಯುವ ಕುಂಡಕ್ಕೆ ಹೋಯಿತು. ನಾವು ಮದ್ದೂರು ವಡೆ ತಿಂದೆವು. ಅರ್ಪಿತ ಅಳುತ್ತಲೇ ಎರಡು ತಿಂದಳು.

ಸಂಜೆ ಬಾಬು ಜಾನ್ ಅಂಗಡಿಯಲ್ಲಿ ಡಬ್ಬ ಬಿಚ್ಚಿದರು. ಮೈಕಿನ ತೂತಿನ ತುಂಬ ಗಂಧ ಕುಂಕುಮ, ಒಣಗಿ ಗಾರೆಯಂತಾಗಿತ್ತು. "ಇದ್ರ ಕಿವೀಗೇ ಮೆತ್ಬುಟ್ಟವ್ರೆ. ಯಾರ್ಲಾ ಅದು, ಬುದ್ಧಿ ಇಲ್ದೋರು?" ಎಂದರು. ಸಾಹಿಲ್ ಅರ್ಪಿತಳ ಮುಖ ನೋಡಿದ. ಅರ್ಪಿತ ನೆಲ ನೋಡಿದಳು. ನಾಲ್ಕು ವರ್ಷ ಈ ಮೈಕನ್ನು ಎಲ್ಲರಿಗೂ ತೋರಿಸಿ, ಇದು ಬಹಳ ಸೂಕ್ಷ್ಮ, ಧೂಳು ಸಹ ತಾಗಬಾರದು ಎಂದು ಹೇಳಿಕೊಟ್ಟವಳು ನಾನು. ಕ್ಲಾಸಿನಲ್ಲಿ ಎತ್ತುವ ಹಾಗೆ ಕೈ ಎತ್ತಿದೆ.

"ಓ, ನೀವಾ. ಇಡಿ ಅಂದೋನು ನಾನೇ ಅಲ್ವಾ. ಅಂಗಾರೆ ಅದು ಪೂಜೆ ಬುಡಿ" ಎಂದು ಬಾಬು ಜಾನ್ ಪಿನ್ನಿನಿಂದ ಕೆರೆಯತೊಡಗಿದರು. ಸಾಹಿಲ್ ಎಷ್ಟು ನಕ್ಕನೆಂದರೆ ಟೈರುಗಳ ಮೇಲೆ ಬಿದ್ದ.

ಅಕ್ಟೋಬರ್ 6, ಸೋಮವಾರ

ಮಂಡ್ಯ. ಮತ್ತೆ ಕ್ಯಾಮೆರಾ. ಈ ಸಲ ಅದರ ಬಗ್ಗೆ ಏನೂ ಕೇಳಲಿಲ್ಲ, ಕೇಳುವಂತಿಲ್ಲವಲ್ಲ. ಊತ ಇಳಿದಿದೆ, ಗಾಯ ಮಾಗಿದೆ ಎಂದರು. ಇನ್ನು ಮಾತಾಡಬಹುದು, ಮಿತವಾಗಿ, ಮೆಲ್ಲಗೆ.

ಆಸ್ಪತ್ರೆಯಲ್ಲಿ ಮಾತಾಡಲಿಲ್ಲ. ಹೆದರಿಕೆಯಾಯಿತು. ಬಸ್ಸು ಮಂಡ್ಯ ದಾಟಿದ ಮೇಲೆ ಯಜಮಾನರು, "ಏನಾರಾ ಮಾತಾಡು" ಎಂದರು.

"ಏನ್ ಮಾತಾಡ್ಲಿ" ಎಂದೆ.

ಬಂತು. ಸ್ವಲ್ಪ ದಪ್ಪವಾಗಿ, ಮಳೆಗೆ ನೆನೆದ ಬಾಗಿಲಿನ ಹಾಗೆ, ಆದರೆ ನನ್ನದೇ. ಯಜಮಾನರು ಕಿಟಕಿ ಕಡೆ ತಿರುಗಿ ಟವಲಿನಿಂದ ಮುಖ ಒರೆಸಿಕೊಂಡರು. ಬಸ್ಸಿನಲ್ಲಿ ಧೂಳಿತ್ತು. ಆಮೇಲೆ ಅವರು ಕಿರುಗಾವಲು ಬರುವ ತನಕ ನಾಲೆ ನೀರಿನ ಸರದಿಯ ಬಗ್ಗೆ, ತಮ್ಮ ಚಿಕ್ಕಂದಿನಲ್ಲಿ ಆ ನಾಲೆಯಲ್ಲಿ ಕೊಚ್ಚಿಕೊಂಡು ಹೋಗಿ ಬದುಕಿ ಬಂದದ್ದರ ಬಗ್ಗೆ ಹೇಳಿದರು. ಇಷ್ಟು ವರ್ಷ ನನಗೆ ಅದು ಗೊತ್ತಿರಲಿಲ್ಲ. ನಡುವೆ ಬಾಯಿ ಹಾಕಲಿಲ್ಲ. ಮಿತವಾಗಿ ಎಂದಿದ್ದಾರಲ್ಲ.

ಅಕ್ಟೋಬರ್ 11, ಶನಿವಾರ

ಬೆಳಿಗ್ಗೆ ಮುದ್ದಮ್ಮನ ಅಂಗಡಿಯಲ್ಲಿ ನನ್ನ ಸ್ವಂತ ಬಾಯಿಯಿಂದ ಟೊಮೆಟೊ ಕೇಳಿದೆ. "ಆ ಬೆಂಗ್ಳೂರವ್ಳು ಎಲ್ಲೋದ್ಲು? ಒಳ್ಳೆ ಮಾತಾಡವ್ಳು" ಎಂದು ಮೆತ್ತಗಿರುವುದನ್ನೇ ಎತ್ತಿ ಹಾಕಿದಳು.

ಮಧ್ಯಾಹ್ನ ಲೈಬ್ರರಿ ತುಂಬಿತ್ತು. ಡಬ್ಬ ಮೇಜಿನ ಮೇಲೆ, ಹಣೆ ಸ್ವಚ್ಛ. ಮೇಕೆಯ ಕಥೆಯ ಕೊನೆಯ ಎರಡು ಪುಟ ಉಳಿದಿದ್ದವು. ಮೇಕೆ ಎಲ್ಲಿ ಇಳಿಯುತ್ತದೆ ಎಂದು ಮಕ್ಕಳಿಗೆ ಗೊತ್ತಿಲ್ಲ, ಸಾಹಿಲ್ ಕೂಡ ಆ ಪುಟಗಳನ್ನು ಓದದೆ ಉಳಿಸಿಕೊಂಡಿದ್ದ. ಸಾಹಿಲ್ ಪುಸ್ತಕ ಹಿಡಿದು ನನ್ನ ಮುಂದೆ ನಿಂತ.

"ಮಿಸ್ಸು, ಗಂಟ್ಲು ಬಂತಾ? ನೀವೇ ಓದೀರಾ?"

ಪುಸ್ತಕ ಚಾಚಿದ. ಐದು ವಾರದಿಂದ ನಾನು ಇದಕ್ಕೇ ಕಾಯುತ್ತಿದ್ದೆ. ಆ ಎರಡು ಪುಟದ ಹಾರನ್ನು ಹೇಗೆ ಮಾಡಬೇಕು, ಮೇಕೆ ಹೇಗೆ ಕೂಗಬೇಕು ಎಲ್ಲವನ್ನೂ ಹಟ್ಟಿಯಲ್ಲಿ ಎಮ್ಮೆಯ ಮುಂದೆ ಮೆಲ್ಲಗೆ ಮಾಡಿ ನೋಡಿಕೊಂಡಿದ್ದೆ.

ಇಲ್ಲ ಎಂದು ತಲೆಯಾಡಿಸಿದೆ.

ಅವನು ಪುಸ್ತಕವನ್ನು ಎಷ್ಟು ಬೇಗ ಹಿಂದಕ್ಕೆ ಎಳೆದುಕೊಂಡನೆಂದರೆ ನನಗೆ ನಗು ಬಂತು. ಡಬ್ಬದ ಮುಂದೆ ಕೂತು ಓದತೊಡಗಿದ. ಕೊನೆಯ ಪುಟದಲ್ಲಿ ಒಂದು ಕಡೆ ಸಿಕ್ಕಿಕೊಂಡ. ತಲೆಯೆತ್ತಿ ನನ್ನನ್ನು ನೋಡಿದ. ಪದ ನನ್ನ ನಾಲಿಗೆಯ ಮೇಲಿತ್ತು, ಈ ಸಲ ಹಿಂದೆ ದನಿಯೂ ಇತ್ತು. ಡಬ್ಬದ ತಲೆ ಮೆಲ್ಲಗೆ ಇಳಿಯಿತು. ನಾನು ಬಾಯಿ ಮುಚ್ಚಿಕೊಂಡು ಕೂತೆ. ಡಾಕ್ಟರು ಹೇಳಿದ್ದಾರೆ, ಗಂಟಲಿಗೆ ಆಯಾಸ ಮಾಡಬಾರದು. ಪದ ಅವನಿಗೇ ಸಿಕ್ಕಿತು. ಮೇಕೆ ತನ್ನ ಸ್ಟಾಪಿನಲ್ಲಿ ಇಳಿಯಿತು.

ಎಲ್ಲರೂ ಹೋದ ಮೇಲೆ ಅರ್ಪಿತ ಚಪ್ಪಲಿ ಹಾಕಿಕೊಳ್ಳುತ್ತ ಬಾಗಿಲಲ್ಲೇ ನಿಂತಳು.

"ಮಿಸ್ಸು, ಬೆಳಿಗ್ಗೆ ನೀವು ಟಮಾಟೆ ಮೆತ್ಗದೆ ಅಂತ ಜಗಳ ಆಡುದ್ರಂತೆ. ಮುದ್ದಮ್ಮಜ್ಜಿ ಏಳ್ತಾ ಇತ್ತು."

ನಾನು ಕಿಟಕಿ ಮುಚ್ಚುತ್ತಿದ್ದೆ. ಮುಚ್ಚುತ್ತಲೇ ಇದ್ದೆ.

"ನಾನ್ ಯಾರ್ಗೂ ಏಳಕ್ಕಿಲ್ಲ ಬುಡಿ" ಎಂದಳು.

ತಲೆಯಾಡಿಸಿದೆ.